ಕೋಳಿಯ ತಳಿಯಾಯ್ಕೆಯಲ್ಲಿ ಕಣ್ಣು ಮತ್ತು ಲೆಕ್ಕ

ಪ್ರಾಣಿಗಳ ತಳಿಸಂವರ್ಧನೆಯ ಇತಿಹಾಸವನ್ನು ಬರೆಯುವವರು ಕುದುರೆಗೂ ದನಕ್ಕೂ ಸಲ್ಲಿಸುವ ಗೌರವವನ್ನು ಹಿತ್ತಲ ಕೋಳಿಗೆ ಸಲ್ಲಿಸುವುದು ಅಪರೂಪ. ಆದರೆ ಆನುವಂಶೀಯತೆಯನ್ನು ಕುರಿತ ಒಂದು ಮುಖ್ಯ ಪಾಠವನ್ನು ವಿದ್ವಾಂಸರು ಕಲಿತುದು ಕೋಳಿಗೂಡಿನಲ್ಲಿಯೇ. ಮೇಲಾದುದನ್ನು ಉಳಿಸಿಕೊಂಡು ಮರಿಮಾಡಿಸಿದರೆ ಸಂತತಿಯೂ ಮೇಲಾಗುವುದೆಂಬ ನಂಬಿಕೆ ಬಹು ಪುರಾತನವಾದುದು. ಅದು ಎಲ್ಲಿಯವರೆಗೆ ನಿಜ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಅಮೆರಿಕದ ಈಶಾನ್ಯ ಭಾಗದ ಎರಡು ನಿದರ್ಶನಗಳಿಂದ ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯದು ರೋಡ್ ಐಲೆಂಡ್ ಸಂಸ್ಥಾನದ ಲಿಟ್ಲ್ ಕಾಂಪ್ಟನ್ ಎಂಬ ಗ್ರಾಮಭಾಗದ್ದು. ವಿಲಿಯಂ ಟ್ರಿಪ್ ಎಂಬ ನಾವಿಕನು 1854ರಲ್ಲಿ ಮಲಯ ಜಾತಿಯ ಹುಂಜವೊಂದನ್ನು ತಂದು ತನ್ನ ಹೇಂಟೆಗಳೊಡನೆ ಬಿಟ್ಟನೆಂದು ಆ ತಳಿಯ ಚರಿತ್ರೆ ಹೇಳುತ್ತದೆ. ನೆರೆಹೊರೆಯ ರೈತರು ಅವುಗಳ ಸಂತಾನದಲ್ಲಿ ಕೆಂಪು ಬಣ್ಣದ, ಗಟ್ಟಿ ಮೈಕಟ್ಟಿನ, ಚಳಿಯನ್ನು ತಾಳುವ ಕೋಳಿಗಳನ್ನೇ ಉಳಿಸಿಕೊಳ್ಳುತ್ತ ಹೋದರು. ‘ರೋಡ್ ಐಲೆಂಡ್ ರೆಡ್’ ತಳಿ ಮೂಡಿದುದು ಹೀಗೆ. ಪ್ರದರ್ಶನಗಳ ಪ್ರಮಾಣಗ್ರಂಥವು ಅದನ್ನು ಅಂಗೀಕರಿಸಿದ್ದು 1904ರಲ್ಲಿ, ಅಂದರೆ ಹಿತ್ತಲಿನಲ್ಲಿ ಕೆಲಸ ಬಹುಮಟ್ಟಿಗೆ ಮುಗಿದ ಮೇಲೆ. ಆನಂತರ ಪ್ರದರ್ಶನಪ್ರಿಯರು ಗರಿಯ ಕೆಂಪನ್ನು ಗಾಢವಾಗಿಸುವುದರಲ್ಲಿ ತೋರಿದ ಶ್ರದ್ಧೆಯನ್ನು ಮೊಟ್ಟೆಯ ವಿಷಯದಲ್ಲಿ ತೋರಿದರೆಂದು ನಾವು ಹೇಳಲಾರೆವು. ಅದೇನೇ ಇರಲಿ, ರೈತನ ಕಣ್ಣು ಇಲ್ಲಿ ಗೆದ್ದಿತು. ಬಣ್ಣ, ಗಾತ್ರ, ದೃಢತೆ ಇವು ಹುಂಜದಲ್ಲಿಯೂ ಹೇಂಟೆಯಲ್ಲಿಯೂ ಒಂದೇ ರೀತಿಯಾಗಿ ಕಣ್ಣಿಗೆ ಬೀಳತಕ್ಕ ಗುಣಗಳಾದುದೇ ಇದಕ್ಕೆ ಕಾರಣ.

ಮೊಟ್ಟೆಯ ಸಂಗತಿ ಬೇರೆ. ಮೆಯ್ನ್ ಸಂಸ್ಥಾನದ ಕೃಷಿ ಪ್ರಯೋಗಕೇಂದ್ರದಲ್ಲಿ ಪ್ರೊಫೆಸರ್ ಗೋವೆಲ್ ಅವರು 1898ರಲ್ಲಿ ಬಾರ್ಡ್ ಪ್ಲಿಮತ್ ರಾಕ್ ಕೋಳಿಗಳ ಮೇಲೆ ಒಂದು ದೀರ್ಘ ಪ್ರಯೋಗವನ್ನು ಆರಂಭಿಸಿದರು. ಅವರ ಸಾಧನ ಬೋನುಗೂಡು. ಹೇಂಟೆಯು ಮೊಟ್ಟೆಯಿಡಲು ಒಳಹೊಕ್ಕೊಡನೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದು. ಆಳು ಬಂದು ಕಾಲಿನ ಬಿಲ್ಲೆಯ ಸಂಖ್ಯೆಯನ್ನು ಬರೆದುಕೊಂಡು ಅದನ್ನು ಹೊರಬಿಡುವನು. ಯಾವ ಹೇಂಟೆ ವರ್ಷಕ್ಕೆ ಎಷ್ಟು ಇಟ್ಟಿತೆಂಬುದು ಹೀಗೆ ನಿಸ್ಸಂದೇಹವಾಗಿ ತಿಳಿಯುತ್ತಿತ್ತು. ಹೆಚ್ಚು ಇಟ್ಟವನ್ನೇ ತಾಯಿಗಳಾಗಿಯೂ, 200ಕ್ಕೆ ಕಡಿಮೆಯಿಲ್ಲದಂತೆ ಇಟ್ಟ ತಾಯಿಯ ಮಗನನ್ನೇ ಹುಂಜವಾಗಿಯೂ ಆರಿಸಲಾಯಿತು. ಇದಕ್ಕಿಂತ ನ್ಯಾಯವಾದ ಆಯ್ಕೆಯುಂಟೆ ಎಂದು ಯಾರಾದರೂ ಕೇಳಬಹುದು. ಆದರೆ ಒಂಬತ್ತು ವರ್ಷಗಳ ಕೊನೆಯಲ್ಲಿ ಹಿಂಡಿನ ಸರಾಸರಿ ಏರಿರಲಿಲ್ಲ.

1907ರಲ್ಲಿ ಅಲ್ಲಿಗೆ ಬಂದ ರೇಮಂಡ್ ಪರ್ಲ್ ಅವರು ಈ ಲೆಕ್ಕಗಳನ್ನು ಫ್ರಾಂಕ್ ಸರ್ಫೇಸ್ ಅವರೊಡಗೂಡಿ ಶೋಧಿಸಿ 1909ರಲ್ಲಿ ಪ್ರಕಟಿಸಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದರಿಂದ ತೆಗೆದ ಅನುಮಾನದಲ್ಲಿ ತಪ್ಪಿತ್ತು. 200 ಮೊಟ್ಟೆಯಿಟ್ಟ ಎರಡು ಹೇಂಟೆಗಳನ್ನು ತೆಗೆದುಕೊಳ್ಳೋಣ. ಒಂದು ಅಷ್ಟನ್ನು ಇಟ್ಟುದು ಹುಟ್ಟುಗುಣದಿಂದ. ಇನ್ನೊಂದು ಒಳ್ಳೆಯ ಮೇವು, ಬೆಚ್ಚನೆಯ ಮೂಲೆ, ಸಕಾಲದಲ್ಲಿ ಮರಿಯಾದ ಅದೃಷ್ಟ ಇವುಗಳಿಂದ. ಬಿಲ್ಲೆಯ ಸಂಖ್ಯೆ ಇವೆರಡನ್ನೂ ಬೇರ್ಪಡಿಸಲಾರದು. ಮೇಲಾಗಿ ಮಗಳ ಹುಟ್ಟುಗುಣದಲ್ಲಿ ತಂದೆಗೂ ಪಾಲುಂಟು; ಹುಂಜವೋ ಮೊಟ್ಟೆಯಿಡುವುದಿಲ್ಲ. ಅದರಲ್ಲಿ ಅಡಗಿರುವುದನ್ನು ಅದರ ಹೆಣ್ಣುಮಕ್ಕಳ ಮುಖಾಂತರವೇ ಅರಿಯಬೇಕು. ಪರ್ಲ್ ಅವರು 1908ರಿಂದ ಈಚೆಗೆ ತಂದೆತಾಯಿಗಳನ್ನು ಅವುಗಳ ಪುತ್ರಿಯರ ಮೊಟ್ಟೆಗಳಿಂದ ಅಳೆಯತೊಡಗಿದರು. ಹಿಂಡಿನ ಇಳುವರಿ, ಅದರಲ್ಲಿಯೂ ಚಳಿಗಾಲದ್ದು, ಏರಿತು. ಒಟ್ಟು ಹದಿನೇಳು ವರ್ಷಗಳ ಈ ವೃತ್ತಾಂತವನ್ನು ಅವರು 1915ರಲ್ಲಿ ಪ್ರಕಟಿಸಿದರು. ಎರಡೇ ಮೆಂಡಲೀಯ ಅಂಶಗಳಿಂದ ಇದನ್ನೆಲ್ಲ ವಿವರಿಸಬಹುದೆಂಬ ಅವರ ವಾದ ಮುಂದೆ ನಿಲ್ಲಲಿಲ್ಲ; ಈ ಗುಣದ ಹಿಂದೆ ಅಲ್ಪಪ್ರಭಾವದ ಅನೇಕ ಜೀನುಗಳಿವೆಯೆಂಬುದು ಈಗ ತಿಳಿದಿದೆ. ಸಿದ್ಧಾಂತ ಬಿದ್ದರೂ ವಿಧಾನ ಉಳಿಯಿತು. ವಿಜ್ಞಾನದಲ್ಲಿ ಇಂಥದು ಹೊಸದಲ್ಲ. ಆದರೂ 1913ರಲ್ಲಿ ಆರೆಗಾನ್‌ನ ಹೇಂಟೆಯೊಂದು ಒಂದೇ ವರ್ಷದಲ್ಲಿ 303 ಮೊಟ್ಟೆಯಿಟ್ಟಾಗ ಜನ ಕೊಂಡಾಡಿದುದು ಆ ಒಂದು ಹೇಂಟೆಯನ್ನೇ.

ಈ ಇತಿಹಾಸದ ಮುಂದಿನ ಕೊಂಡಿ ನಮ್ಮ ನಾಡಿನಲ್ಲಿಯೂ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1989ರಲ್ಲಿ ಹೊರತಂದ ‘ಗಿರಿರಾಜ’ ಹಿತ್ತಲಿಗಾಗಿಯೇ ಸಿದ್ಧಪಡಿಸಿದ ಕೋಳಿ. ಹಳ್ಳಿಗರ ರುಚಿಗೂ ಹಿತ್ತಲಿನ ಬದುಕಿಗೂ ಒಗ್ಗುವಂತೆ ಅದಕ್ಕೆ ಬಣ್ಣದ ಗರಿಗಳನ್ನು ಉಳಿಸಲಾಯಿತು; ಇದು ಕಣ್ಣಿಗೆ ಸಂದ ಮರ್ಯಾದೆ. ಉಳಿದುದೆಲ್ಲ ಲೆಕ್ಕದ ಫಲ. ಆದರೆ ಅದು ಹಲವು ತಳಿಗಳ ಸಂಕರ. ಹಿತ್ತಲಿನಲ್ಲಿ ಅದರಿಂದಲೇ ಮರಿಮಾಡಿಸಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದರುತ್ತವೆ. ಆದಕಾರಣ ಅದೇ ಗುಣದ ಮರಿ ಬೇಕಾದ ರೈತಮಹಿಳೆ ಮತ್ತೆ ಮರಿಕೇಂದ್ರದ ಬಾಗಿಲಿಗೆ ಬರಬೇಕು. ಲಿಟ್ಲ್ ಕಾಂಪ್ಟನ್ನಿನ ರೈತನು ತನ್ನ ಬೇಲಿಯೊಳಗೆ ನಿಂತು ಮಾಡುತ್ತಿದ್ದ ಹುಂಜದ ಆಯ್ಕೆಯನ್ನು ಆಕೆಯ ಪರವಾಗಿ ಬೇರೊಬ್ಬರು, ಬೇರೊಂದು ಊರಿನಲ್ಲಿ, ಅವಳು ಕಾಣದ ಹಿಂಡಿನ ಲೆಕ್ಕವನ್ನು ಮುಂದಿಟ್ಟುಕೊಂಡು ಮಾಡಿ ಮುಗಿಸಿರುತ್ತಾರೆ.