ಕಾಗಿಣಾ ಸೀಮೆಯ ಕುರಕುಂಟಾ

ಸೇಡಂ ಪಟ್ಟಣದಿಂದ ಪೂರ್ವಕ್ಕೆ, ತೆಲಂಗಾಣದ ಗಡಿಯತ್ತ ಹೋದರೆ ಕುರಕುಂಟಾ ಸಿಗುತ್ತದೆ. ಕಲಬುರಗಿ ಜಿಲ್ಲೆ, ಸೇಡಂ ತಾಲ್ಲೂಕು. ರೈಲಿನವರ ಪಟ್ಟಿಯಲ್ಲಿ ಇದು ಕುರಗುಂಟಾ. ಸೇಡಂ ಮತ್ತು ತಾಂಡೂರುಗಳ ನಡುವಿನ ಒಂದು ಸಣ್ಣ ನಿಲ್ದಾಣ. ಸುತ್ತ ಕರಿಮಣ್ಣಿನ ಹೊಲ, ಹೊಲದಲ್ಲಿ ತೊಗರಿ ಮತ್ತು ಜೋಳ, ಮಣ್ಣಿನ ಕೆಳಗೆ ಸುಣ್ಣದ ಕಲ್ಲು. ಊರಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತವೆ. ಸಂತೆಯಲ್ಲಿ ಒಂದೇ ಮಾತಿನೊಳಗೆ ಮೂರೂ ಬಂದರೂ ಯಾರಿಗೂ ತೊಡಕಾಗುವುದಿಲ್ಲ.

ಇಂಥ ಊರಿನ ಚರಿತ್ರೆ ಬರೆಯುವಾಗ ನಾವು ಸಾಮಾನ್ಯವಾಗಿ ಗುಡಿ, ದರ್ಗಾ, ಜಾತ್ರೆಗಳಿಂದ ಶುರುಮಾಡುತ್ತೇವೆ. ಅವೆಲ್ಲ ಬೇಕು. ಆದರೆ ಈ ಸೀಮೆಯ ಊರುಗಳ ಹಣೆಬರಹವನ್ನು ಇನ್ನೊಂದು ಸಂಗತಿಯೂ ತಿದ್ದುತ್ತ ಬಂದಿದೆ: ಊರಿನ ಹೆಸರು ಯಾರ ದಫ್ತರಿನಲ್ಲಿದೆ, ಅದರ ಕಂದಾಯ ಯಾವ ಕಚೇರಿಗೆ ಹೋಗುತ್ತದೆ, ಅದರ ತಕರಾರನ್ನು ಯಾರು ಕೇಳುತ್ತಾರೆ ಎಂಬುದು. ಸಾವಿರದ ನೂರು ವರ್ಷಗಳಿಗೂ ಹಿಂದಿನಿಂದ ಕಾಗಿಣಾ ನದಿಯ ಎರಡೂ ದಂಡೆಗಳಲ್ಲಿ ಆಡಳಿತದ ಗೆರೆಗಳು ಬಿದ್ದಿವೆ, ಅಳಿದಿವೆ, ಮತ್ತೆ ಬಿದ್ದಿವೆ. ಕುರಕುಂಟಾವನ್ನು ಆ ಗೆರೆಗಳ ನಡುವೆ ಇಟ್ಟು ನೋಡಿದಾಗಲೇ ಅದರ ಕಥೆ ಸರಿಯಾಗಿ ತಿಳಿಯುತ್ತದೆ.

ನದಿಯ ದಂಡೆಯ ರಾಜಧಾನಿ

ಕಾಗಿಣಾ ತೆಲಂಗಾಣದ ವಿಕಾರಾಬಾದ್ ಕಡೆಯ ಗುಡ್ಡಗಳಲ್ಲಿ ಹುಟ್ಟಿ, ತಾಂಡೂರಿನ ಸೀಮೆ ದಾಟಿ ಸೇಡಂ ತಾಲ್ಲೂಕಿಗೆ ಬರುತ್ತದೆ. ಮುಲ್ಲಾಮಾರಿ, ಬೆಣ್ಣೆತೊರೆಗಳ ನೀರನ್ನು ಕೂಡಿಸಿಕೊಂಡು, ಶಹಾಬಾದ್ ಹತ್ತಿರದ ಹೊನಗುಂಟಾದಲ್ಲಿ ಭೀಮೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಸೇತುವೆ ಮುಳುಗಿಸುವಷ್ಟು ಉಕ್ಕುವ ಈ ಹೊಳೆ ಬೇಸಿಗೆಗೆ ಬತ್ತಿ ಬಂಡೆ ತೋರಿಸುತ್ತದೆ. ದೊಡ್ಡ ನಾವೆ ಇದರಲ್ಲಿ ತೇಲಿ ಸಮುದ್ರ ಸೇರುವಂತಿಲ್ಲ. ಆದರೂ ಈ ನದಿಯ ದಂಡೆಯ ಒಂದು ಊರಿನ ಹೆಸರು 9ನೇ ಶತಮಾನದಲ್ಲಿ ಅರಬ್ಬೀ ಸಮುದ್ರದ ಆಚೆಗೂ ಗೊತ್ತಿತ್ತು. ಅದೇ ಮಾನ್ಯಖೇಟ, ಇಂದಿನ ಮಳಖೇಡ. ಅದೂ ಸೇಡಂ ತಾಲ್ಲೂಕಿನದೇ ಊರು.

ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಾನ್ಯಖೇಟ ರಾಷ್ಟ್ರಕೂಟರ ರಾಜಧಾನಿಯಾಯಿತು. ಅವನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಕ್ರಿ.ಶ. 851ರ ಹೊತ್ತಿಗೆ ಅರಬ್ ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾದ, ಚೀನಾ ಮತ್ತು ಭಾರತದ ವರ್ತಮಾನ ಹೇಳುವ ಒಂದು ಗ್ರಂಥ ಸಿದ್ಧವಾಯಿತು. ಅದರಲ್ಲಿ ಲೋಕದ ನಾಲ್ವರು ದೊಡ್ಡ ಅರಸರ ಲೆಕ್ಕವಿದೆ: ಮೊದಲನೆಯವನು ಬಾಗ್ದಾದಿನ ಖಲೀಫ, ಎರಡನೆಯವನು ಚೀನಾದ ಚಕ್ರವರ್ತಿ, ಮೂರನೆಯವನು ರೂಮ್ ದೇಶದ ದೊರೆ, ನಾಲ್ಕನೆಯವನು ಬಲ್ಹರಾ. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ಮಾನ್ಯಖೇಟದ ಅರಸ.

ಅದೇ ಗ್ರಂಥ ಚೀನಾದ ಖಾನ್‌ಫು ಎಂಬ ಬಂದರನ್ನೂ ಬಣ್ಣಿಸುತ್ತದೆ. ಅದು ಪರ್ಲ್ ನದಿಯ ಮೇಲಿನ ಇಂದಿನ ಗುವಾಂಗ್‌ಝೌ ನಗರ. ಅಲ್ಲಿ ನೆಲೆಸಿದ ಮುಸ್ಲಿಂ ವ್ಯಾಪಾರಿಗಳ ವ್ಯಾಜ್ಯ ತೀರಿಸಲು ಚೀನಾದ ಚಕ್ರವರ್ತಿ ಅವರಲ್ಲೇ ಒಬ್ಬನನ್ನು ನೇಮಿಸಿದ್ದನೆಂದು ಅದು ಹೇಳುತ್ತದೆ. ರಾಷ್ಟ್ರಕೂಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಮೂರನೇ ಇಂದ್ರನ ಕಾಲದ, ಕ್ರಿ.ಶ. 926ರ ಚಿಂಚಣಿ ತಾಮ್ರಶಾಸನದ ಪ್ರಕಾರ, ಎರಡನೇ ಕೃಷ್ಣನು ಸಂಯಾನ ಮಂಡಲವನ್ನು ಮಧುಮತಿ ಎಂಬ ತಾಜಿಕನಿಗೆ, ಅಂದರೆ ಅರಬನಿಗೆ, ಒಪ್ಪಿಸಿದ್ದ. ಸಂಯಾನವೆಂದರೆ ಗುಜರಾತ್ ಕರಾವಳಿಯ ಸಂಜಾಣ ಬಂದರು. ರಾಜಧಾನಿ ಕಾಗಿಣಾದ ದಂಡೆಯಲ್ಲಿ, ಬಂದರು ಸಮುದ್ರದ ದಂಡೆಯಲ್ಲಿ. ನಡುವಿನ ಅಷ್ಟೂ ದೂರವನ್ನು ಹಿಡಿದಿಟ್ಟದ್ದು ಆಡಳಿತದ ಕಟ್ಟು.

ಆ ಕಟ್ಟಿನ ಮೇಲ್ತುದಿಯಲ್ಲಿ ರಾಷ್ಟ್ರ ಅಥವಾ ಮಂಡಲ, ಅದರ ಕೆಳಗೆ ವಿಷಯ, ಅದರ ಕೆಳಗೆ ಭುಕ್ತಿ, ಕೊನೆಯಲ್ಲಿ ಗ್ರಾಮ. ರಾಷ್ಟ್ರಪತಿ, ವಿಷಯಪತಿ, ಭೋಗಪತಿ ಇವರ ಕೆಳಗೆ ಊರ ಗಾವುಂಡ. ಕನ್ನಡ ನಾಡಿನ ವಿಭಾಗಗಳಿಗೆ ಸಂಖ್ಯೆ ಸೇರಿಸಿ ಹೆಸರಿಡುವ ವಾಡಿಕೆಯೂ ಇತ್ತು: ಬನವಾಸಿ 12000, ಬೆಳ್ವೊಲ 300, ಮುಂದೆ ಆಳಂದೆ 1000. ಕ್ರಿ.ಶ. 972ರಲ್ಲಿ ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಮರುವರ್ಷ ಚಾಲುಕ್ಯ ತೈಲಪ ಅಧಿಕಾರ ಹಿಡಿದ. ಮೊದಲನೇ ಸೋಮೇಶ್ವರನ ಕಾಲಕ್ಕೆ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಅಂದಿನಿಂದ ಮಳಖೇಡಕ್ಕೆ ರಾಜಧಾನಿಯ ಪಟ್ಟ ಮರಳಲಿಲ್ಲ. ಕೋಟೆ, ನೇಮಿನಾಥ ಬಸದಿ, ಉತ್ತರಾದಿ ಮಠದ ಭಕ್ತರು ಟೀಕಾಚಾರ್ಯ ಜಯತೀರ್ಥರ ಕ್ಷೇತ್ರವೆಂದು ನಡೆದುಕೊಳ್ಳುವ ಸನ್ನಿಧಿ ಅಲ್ಲಿ ಉಳಿದಿವೆ.

ಸೇಡಿಂಬದ ಮುನ್ನೂರ್ವರು

ರಾಜಧಾನಿ ಹೋದರೂ ಊರುಗಳ ಒಳಾಡಳಿತ ಹೋಗಲಿಲ್ಲ. ಶಾಸನಗಳಲ್ಲಿ ಸೇಡಂನ ಹೆಸರು ಸೇಡಿಂಬ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದ, 1124ರ ಶಾಸನವೊಂದು ಅಲ್ಲಿನ ಮುನ್ನೂರು ಮಹಾಜನರನ್ನು ಕುರಿತು ಹೇಳುತ್ತದೆ. ಅವರು ನಾರಾಯಣನ ಭಕ್ತರು, ಆದರೂ ಶಾಂತಿನಾಥ ತೀರ್ಥಂಕರನಿಗೆ ಬಸದಿ ಕಟ್ಟಿಸಿದರು. ಒಂದು ಊರಿನ ಸಭೆ ತನಗಿಂತ ಬೇರೆಯವರ ದೇವರಿಗೂ ಜಾಗ ಕೊಟ್ಟು, ಅದನ್ನು ಕಲ್ಲಿನಲ್ಲಿ ಬರೆಸಿಟ್ಟಿತು. ಈ ಸೀಮೆಯ ಊರಾಡಳಿತದ ಬಗ್ಗೆ ನಾವು ಹೆಮ್ಮೆಪಡಬಹುದಾದ ಸಾಕ್ಷಿ ಇದು. ಕುರಕುಂಟಾದಂಥ ಊರುಗಳು ಈ ಸೇಡಿಂಬದ ನೆರಳಿನಲ್ಲೇ ಬೆಳೆದವು.

ತರಫಿನಿಂದ ತಹಸೀಲಿಗೆ

1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾಯಿತು. ರಾಜ್ಯವನ್ನು ಕಲಬುರಗಿ, ದೌಲತಾಬಾದ್, ಬೀದರ್, ಬಿರಾರ್ ಎಂದು ನಾಲ್ಕು ತರಫುಗಳಾಗಿ ಹಂಚಲಾಯಿತು. ಮುಂದೆ ಬಹಮನಿ ಮಂತ್ರಿ ಮಹಮೂದ್ ಗವಾನ ಆ ನಾಲ್ಕನ್ನು ಎಂಟು ಮಾಡಿ ತರಫದಾರರ ಬಲ ಕುಗ್ಗಿಸಲು ನೋಡಿದ. ಅದರಿಂದ ಹುಟ್ಟಿದ ದ್ವೇಷಕ್ಕೆ 1481ರಲ್ಲಿ ತಲೆ ಕೊಟ್ಟ. ಗೆರೆ ಬದಲಿಸುವವನಿಗೆ ಹಗೆಗಳು ಹೆಚ್ಚು ಎಂಬುದಕ್ಕೆ ಇಷ್ಟು ಹಳೆಯ ಉದಾಹರಣೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ.

ಇಂದು ನಾವು ಜಿಲ್ಲೆ, ತಾಲ್ಲೂಕು ಎಂದು ಕರೆಯುವ ವ್ಯವಸ್ಥೆ ಇಲ್ಲಿ ನೆಲೆಯೂರಿದ್ದು ನಿಜಾಮರ ಕಾಲದಲ್ಲಿ. ದಿವಾನ ಒಂದನೇ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ ತಂದ. ಸಂಬಳದ ಅಧಿಕಾರಿಗಳು ಬಂದರು. ಮೇಲೆ ಸುಬೇದಾರ, ಜಿಲ್ಲೆಗೆ ಅವ್ವಲ್ ತಾಲ್ಲೂಕದಾರ, ತಾಲ್ಲೂಕಿಗೆ ತಹಸೀಲ್ದಾರ. ಊರಿನಲ್ಲಿ ಕಂದಾಯಕ್ಕೆ ಮಾಲಿ ಪಟೇಲ, ಕಾವಲಿಗೆ ಪೊಲೀಸ್ ಪಟೇಲ, ಲೆಕ್ಕಕ್ಕೆ ಪಟವಾರಿ. ಆದರೆ ಎಲ್ಲ ಊರುಗಳೂ ಈ ಸಾಲಿಗೆ ಸೇರಲಿಲ್ಲ. ಸರ್ಕಾರದ ನೇರ ಆಡಳಿತದ ದಿವಾನಿ ಊರುಗಳ ಪಕ್ಕದಲ್ಲೇ ಜಾಗೀರಿನ ಊರು, ಪಾಯಿಗಾದ ಊರು ಇದ್ದವು. ಆಳಂದ, ಅಫಜಲಪುರದ ಕಡೆ ಪಾಯಿಗಾ ನವಾಬರ ಆಳ್ವಿಕೆ. ಒಂದು ಹೊಲದ ಬದುವಿನ ಆಚೆ ಬೇರೆ ಕಂದಾಯ, ಬೇರೆ ಕಚೇರಿ. ದಫ್ತರಿನ ಭಾಷೆ ಮೊದಲು ಫಾರ್ಸಿ, 1884ರ ನಂತರ ಉರ್ದು. ಉಳುವವನಿಗೆ ತನ್ನ ಹೊಲದ ಕಾಗದ ಓದಿಸಿಕೊಳ್ಳಲು ಇನ್ನೊಬ್ಬನ ಮನೆ ಬಾಗಿಲಿಗೆ ಹೋಗಬೇಕಾಗಿತ್ತು. ಪಟವಾರಿಯ ದೊಡ್ಡಸ್ತಿಕೆ ಅರ್ಧ ಹುಟ್ಟಿದ್ದೇ ಅಲ್ಲಿ.

ವಾಡಿ ಎಂಬ ಒಣ ಬಂದರು

ನದಿ ಮಾಡಲಾಗದ ಕೆಲಸವನ್ನು ಇಲ್ಲಿ ರೈಲು ಮಾಡಿತು. ಮುಂಬೈ ಮತ್ತು ಮದರಾಸಿನ ಕಡೆಯಿಂದ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದಾರಿಯ ಮೇಲಿನ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ್ ರೈಲು 1874ರಲ್ಲಿ ಓಡಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಗುಂಟಾ, ತಾಂಡೂರು ಎಲ್ಲ ಈ ಹಳಿಯ ಮೇಲಿನ ಹೆಸರುಗಳೇ. ಸಮುದ್ರವಿಲ್ಲದ ಹೈದರಾಬಾದ್ ಸಂಸ್ಥಾನಕ್ಕೆ ವಾಡಿ ಒಂದು ಒಣ ಬಂದರಿನಂತಾಯಿತು. ಮುಂಬೈಯಿಂದ ಬಂದ ಸರಕು ಅಲ್ಲಿ ಹೊರಳಿ ಹೈದರಾಬಾದಿನ ಕಡೆ ಹೋಗುತ್ತಿತ್ತು. ಇಲ್ಲಿನ ಕಾಳುಕಡಿ, ಶಹಾಬಾದ್ ಕಲ್ಲು ಹೊರಗೆ ಹೋಗುತ್ತಿದ್ದವು. ಈ ಕಲ್ಲು ಪದರಪದರವಾಗಿ ಬಿಡುತ್ತದೆ. ನೆಲಕ್ಕೆ ಹಾಸಿದರೆ ಫರಸಿ, ಸುಟ್ಟರೆ ಸುಣ್ಣ, ಅರೆದು ಕಾಯಿಸಿದರೆ ಸಿಮೆಂಟ್. ಶಹಾಬಾದಿನಲ್ಲಿ 1920ರ ದಶಕದಲ್ಲೇ ಸಿಮೆಂಟ್ ತಯಾರಾಗತೊಡಗಿತು.

ಕೂಡಿದ್ದು, ಒಡೆದದ್ದು

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿತು. ಮರುವರ್ಷ ಜಾಗೀರುಗಳು ರದ್ದಾದವು. ಹೊಲದ ಬದುವಿನ ಆಚೆ ಈಚೆ ಒಂದೇ ಕಾನೂನು ಬಂತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂದಾಗ, ಅದರ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಅಲ್ಲಿಯವರೆಗೆ ಜಿಲ್ಲೆಯ ಒಳಗಡೆ ಇದ್ದ ಕುರಕುಂಟಾ ಒಂದೇ ದಿನದಲ್ಲಿ ರಾಜ್ಯದ ಅಂಚಿನ ಊರಾಯಿತು. ಹೆಣ್ಣು ಕೊಟ್ಟು ತಂದ ಮನೆಗಳು ಗಡಿಯ ಆ ಬದಿಗೆ ಉಳಿದವು. ಸಂಬಂಧ ಮುರಿಯಲಿಲ್ಲ. ಆದರೆ ಕಚೇರಿಯ ದಾರಿ, ಶಾಲೆಯ ಭಾಷೆ, ಮಾರುಕಟ್ಟೆಯ ತೆರಿಗೆ ಬೇರೆಯಾದವು. ರಿಬ್ಬನಪಲ್ಲಿಯ ತಪಾಸಣಾ ಠಾಣೆ ಆ ಗೆರೆಯನ್ನು ಕಣ್ಣಿಗೆ ಕಾಣುವಂತೆ ಮಾಡಿತು.

ಕುರಕುಂಟಾಕ್ಕೆ ದೇಶದ ನಕ್ಷೆಯಲ್ಲಿ ಜಾಗ ಸಿಕ್ಕಿದ್ದು 1972ರಲ್ಲಿ. 1965ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ, ಅಂದಿನ ಮಧ್ಯಪ್ರದೇಶದ ಮಾಂಢರ್ ನಂತರ ತೆರೆದ ಕಾರ್ಖಾನೆ ಇಲ್ಲಿನದು. ವರ್ಷಕ್ಕೆ 1.98 ಲಕ್ಷ ಟನ್ ಸಾಮರ್ಥ್ಯ. ಊರವರ ಬಾಯಲ್ಲಿ ಅದು ಸಿಸಿಐ. ಒಕ್ಕಲುತನ ನಂಬಿದ್ದ ಸೀಮೆಗೆ ತಿಂಗಳ ಪಗಾರ ಎಂಬುದು ಬಂತು. ಪಾಳಿಯ ಲೆಕ್ಕದಲ್ಲಿ ದಿನ ಎಣಿಸುವುದು ರೂಢಿಯಾಯಿತು.

ಆಮೇಲೆ ಕಾಲ ತಿರುಗಿತು. ಸಿಮೆಂಟ್ ಬೆಲೆಯ ಮೇಲಿನ ಸರ್ಕಾರದ ಹಿಡಿತ 1982ರಲ್ಲಿ ಅರ್ಧ ಸಡಿಲವಾಗಿ, 1989ರಲ್ಲಿ ಪೂರ್ತಿ ಹೋಯಿತು. ಅದೇ 80ರ ದಶಕದಲ್ಲಿ ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ ಕಾರ್ಖಾನೆಗಳು ತಲೆಯೆತ್ತಿದವು. ಗಡಿಯಾಚೆಯ ತಾಂಡೂರಿನಲ್ಲಿ ಸಿಸಿಐನದೇ ಹೊಸ ಘಟಕ 1987ರಲ್ಲಿ 10 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಶುರುವಾಯಿತು. ಎರಡು ಲಕ್ಷ ಟನ್ನಿನ ಕುರಕುಂಟಾ ಈ ಪೈಪೋಟಿಯಲ್ಲಿ ನಿಲ್ಲಲಾರದೆ ಹೋಯಿತು. 1996ರಲ್ಲಿ ಇಡೀ ಸಂಸ್ಥೆ ರೋಗಗ್ರಸ್ತ ಉದ್ಯಮವೆಂದು ಕೈಗಾರಿಕಾ ಪುನಶ್ಚೇತನ ಮಂಡಳಿಯ ಮುಂದೆ ಹೋಯಿತು. 1998ರಲ್ಲಿ ಕುರಕುಂಟಾದ ಉತ್ಪಾದನೆ ನಿಂತಿತು. 2006ರ ಪುನಶ್ಚೇತನ ಯೋಜನೆ ನಿಂತುಹೋದ ಏಳು ಘಟಕಗಳನ್ನು ಮುಚ್ಚಲು ಒಪ್ಪಿತು, ತಾಂಡೂರು ಸೇರಿ ಮೂರನ್ನು ಉಳಿಸಿತು. ಕಲ್ಲು ಒಂದೇ, ಕಂಪನಿ ಒಂದೇ. ಕುರಕುಂಟಾ ಮುಚ್ಚಿತು, ತಾಂಡೂರು ಉಳಿಯಿತು. ಇದಕ್ಕೆ ರಾಜ್ಯದ ಗಡಿ ಕಾರಣವಲ್ಲ, ಕಾರ್ಖಾನೆಯ ಗಾತ್ರ ಮತ್ತು ಅದು ಕಟ್ಟಿದ ಕಾಲ ಕಾರಣ. ಆದರೆ ತೀರ್ಮಾನವಾದದ್ದು ದೆಹಲಿಯಲ್ಲಿ. ಆ ಮೇಜಿನ ಬಳಿ ಕುರಕುಂಟಾದ ಪಂಚಾಯಿತಿಗೆ ಕುರ್ಚಿ ಇರಲಿಲ್ಲ.

ಇಂದಿನ ಗೆರೆಗಳು

ಇಂದು ಕುರಕುಂಟಾ ಒಂದು ಗ್ರಾಮ ಪಂಚಾಯಿತಿ. ಅದರ ಮೇಲೆ ಸೇಡಂ ತಾಲ್ಲೂಕು. ಅದರ ಮೇಲೆ ಸೇಡಂ, ಚಿತ್ತಾಪುರ, ಚಿಂಚೋಳಿ ಮೊದಲಾದ ತಾಲ್ಲೂಕುಗಳ ಸೇಡಂ ಉಪವಿಭಾಗ. ಆಮೇಲೆ ಕಲಬುರಗಿ ಜಿಲ್ಲೆ, ಕಲಬುರಗಿ ಕಂದಾಯ ವಿಭಾಗ. 2009ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. ಆ ಮೇಲೆ ಚಿತ್ತಾಪುರ ತಾಲ್ಲೂಕು ಒಡೆದು ಶಹಾಬಾದ್, ಕಾಳಗಿ ಹೊಸ ತಾಲ್ಲೂಕುಗಳಾದವು. ಗೆರೆಗಳು ಒಂದರ ಮೇಲೊಂದು ಕೂಡುವುದೂ ಇಲ್ಲ. ಕಂದಾಯಕ್ಕೆ ಒಂದೇ ಉಪವಿಭಾಗವಾದ ಸೇಡಂ ಮತ್ತು ಚಿಂಚೋಳಿ ಲೋಕಸಭೆಗೆ ಬೇರೆ ಬೇರೆ: ಸೇಡಂ ಗುಲಬರ್ಗಾ ಕ್ಷೇತ್ರಕ್ಕೆ, ಚಿಂಚೋಳಿ ಬೀದರ್ ಕ್ಷೇತ್ರಕ್ಕೆ. ರೈಲಿಗೆ ಕುರಗುಂಟಾ ನಿಲ್ದಾಣ ಸಿಕಂದರಾಬಾದ್ ವಿಭಾಗದ್ದು. ಕಲಬುರಗಿಗೆ ಸ್ವಂತ ರೈಲ್ವೆ ವಿಭಾಗ ಬೇಕೆಂಬ ಕೂಗು ಇನ್ನೂ ಈಡೇರಿಲ್ಲ.

ಒಳ್ಳೆಯ ಗೆರೆಗಳೂ ಬಿದ್ದಿವೆ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬಂತು, 2013ರಲ್ಲಿ ಅದು ಕಾಯಂ ಆಯಿತು. ಸಂವಿಧಾನದ 371(ಜೆ) ವಿಧಿ ಈ ಭಾಗದ ಮಕ್ಕಳಿಗೆ ಓದು ಮತ್ತು ನೌಕರಿಯಲ್ಲಿ ಮೀಸಲಾತಿ ತಂದಿತು. ಕಚೇರಿ ಹತ್ತಿರ ಬಂದಾಗ ಬಡವನ ದಿನಗೂಲಿ ಉಳಿಯುತ್ತದೆ, ದೂರ ಹೋದಾಗ ಕರಗುತ್ತದೆ. ಆಡಳಿತ ವಿಭಾಗ ಎಂಬ ಒಣ ಮಾತಿನ ನಿಜವಾದ ಅರ್ಥ ಇಷ್ಟೇ.

ಮಳಖೇಡದ ಚರಿತ್ರೆ ಉಳಿದದ್ದು ತಾಮ್ರದ ಹಲಗೆ, ಕಲ್ಲು ಮತ್ತು ಪರದೇಶಿಗಳ ಬರಹಗಳಿಂದ. ಸೇಡಿಂಬದ ಮಹಾಜನರ ನಡೆ ಉಳಿದದ್ದು ಅವರೇ ಬರೆಸಿದ ಶಾಸನದಿಂದ. ಕುರಕುಂಟಾದ 20ನೇ ಶತಮಾನ ಉಳಿಯಬೇಕಾದರೆ ಅದನ್ನು ಊರೇ ಬರೆದಿಡಬೇಕು. ಉರ್ದುವಿನ ಹಳೆಯ ಪಹಣಿ ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಸಿಸಿಐಯಲ್ಲಿ ಪಾಳಿ ಮಾಡಿದವರಿಗೆ ವಯಸ್ಸಾಗಿದೆ. ಗ್ರಾಮ ಪಂಚಾಯಿತಿ ಒಂದು ದಫ್ತರ ತೆರೆಯಲಿ. ಶಾಲೆಯ ಮಕ್ಕಳು ಮನೆಮನೆಗೆ ಹೋಗಿ ಹಿರಿಯರ ಮಾತು ಬರೆದುಕೊಳ್ಳಲಿ. ಹಳೆಯ ಕಾಗದ, ಪಗಾರದ ಚೀಟಿ, ಫೋಟೊ ಒಂದೆಡೆ ಸೇರಲಿ. ಗ್ರಾಮಸಭೆಯಲ್ಲಿ ಒಂದು ಠರಾವು ಸಾಕು. ಈ ಕೆಲಸಕ್ಕೆ ಬೆಂಗಳೂರಿನ ಅಪ್ಪಣೆಯೂ ಬೇಡ, ದೆಹಲಿಯ ಅನುದಾನವೂ ಬೇಡ.