ಹಾಲಿನ ಲೆಕ್ಕ

ಮೈಸೂರಿನ ಗರಡಿಯವರು ಕೊಲ್ಲಾಪುರಕ್ಕೆ ಹೋಗುವುದು ಹೊಸದೇನಲ್ಲ. ಹಿಂದಿನವರು ರೈಲು ಹತ್ತುತ್ತಿದ್ದರು, ನಾನು ಯೆಜ್ಡಿ ಹತ್ತಿದೆ. ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಗಾಡಿ ಇನ್ನೂ ಹಾಕಿಲ್ಲ. ಗೇರ್ ಲಿವರನ್ನೇ ಒಳಕ್ಕೊತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಒಂದೇ ಹಿಡಿತದಲ್ಲಿ ಎರಡು ಪಟ್ಟು ಹಾಕುವ ಪೈಲ್ವಾನನ ಹಾಗೆ.

ದಾರಿಯುದ್ದಕ್ಕೂ ಕಂಡ ವಸ್ತಾದರಿಗೆಲ್ಲ ಒಂದೇ ಪ್ರಶ್ನೆ ಕೇಳಬೇಕೆಂದಿದ್ದೆ: ಪೈಲ್ವಾನರ ಹಾಲು, ತುಪ್ಪ, ಬಾದಾಮಿಯ ಖರ್ಚು ಯಾರದು? ಕುಸ್ತಿಯ ಚರಿತ್ರೆ ಎಂದರೆ ಯಾರು ಯಾರನ್ನು ಚಿತ್ ಮಾಡಿದರು ಎಂಬ ಪಟ್ಟಿ ಒಪ್ಪಿಸುವವರೇ ಹೆಚ್ಚು. ನನಗೆ ಅಡುಗೆಮನೆಯ ಕಡೆಯಿಂದ ನೋಡುವ ಚಾಳಿ.

ಆ ಕಡೆಯಿಂದ ನೋಡಿದರೆ ಮೊದಲು ಕಾಣುವುದು ಅರಮನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಯಸ್ ಮಹಾನವಮಿಯ ಜಟ್ಟಿ ಕಾಳಗವನ್ನು ಕಂಡು, ಹಲ್ಲು ಉದುರುವಂತೆ, ಮುಖ ವಿಕಾರವಾಗುವಂತೆ ಹೊಡೆದಾಡುತ್ತಾರೆ ಎಂದು ಬರೆದಿಟ್ಟಿದ್ದಾನೆ. ಮೈಸೂರು ಒಡೆಯರು ಮುಂದುವರಿಸಿದ ದಸರೆಯಲ್ಲಿ ಅದರ ಒಂದು ಎಳೆ ಈಗಲೂ ಉಳಿದಿದೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯ ತೊಟ್ಟಿಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬಲಗೈಗೆ ವಜ್ರಮುಷ್ಟಿ ತೊಟ್ಟು ನಿಲ್ಲುತ್ತಾರೆ. ಒಬ್ಬನ ತಲೆಯಿಂದ ರಕ್ತ ಜಿನುಗಿದರೆ ಮುಗಿಯಿತು. ವಾಚು ನೋಡಿಕೊಳ್ಳುವಷ್ಟೂ ಹೊತ್ತಿಲ್ಲ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿ ಮನೆತನಗಳಿಂದಲೇ ಜೋಡಿ ಬರುತ್ತದೆ.

ಶ್ರೀರಂಗಪಟ್ಟಣ ದಾಟುವಾಗ ಜೇಮ್ಸ್ ಸ್ಕರಿ ನೆನಪಾದ. ಟಿಪ್ಪುವಿನ ಕಾಲದಲ್ಲಿ ಇಲ್ಲಿ ಸೆರೆಯಲ್ಲಿದ್ದ ಇಂಗ್ಲಿಷ್ ಹುಡುಗ. ಜಟ್ಟಿಗಳ ಕಾಳಗವನ್ನು ಅವನೂ ವರ್ಣಿಸಿದ್ದಾನೆ. ಅದೇ ಜಟ್ಟಿಗಳ ಕೈಯಲ್ಲಿ ಕೈದಿಗಳ ಕತ್ತು ಮುರಿಸುತ್ತಿದ್ದರೆಂದೂ ಆ ಕಾಲದ ಬರಹಗಳು ಹೇಳುತ್ತವೆ. ಅರಮನೆಯ ಅನ್ನ ಉಂಡವನು ಅರಮನೆ ಹೇಳಿದ ಕೆಲಸಕ್ಕೆಲ್ಲ ತೋಳು ಕೊಡಬೇಕಿತ್ತು. ಗರಡಿಯ ಗೋಡೆಯ ಮೇಲೆ ಈ ಮಾತನ್ನು ಯಾರೂ ಬರೆಸುವುದಿಲ್ಲ.

ನಾಗಮಂಗಲ, ಹುಳಿಯಾರು, ಹಿರಿಯೂರು. ಬರೀ ಬಿಸಿಲು, ಹೇಳುವಂಥದ್ದೇನಿಲ್ಲ. ದಾವಣಗೆರೆಯಲ್ಲಿ ಲೆಕ್ಕ ಸರ್ಕಾರದ್ದು: ಕ್ರೀಡಾ ವಸತಿ ನಿಲಯದ ಹುಡುಗರಿಗೆ ಊಟ ಅಳತೆಯದು, ಅಭ್ಯಾಸ ಮ್ಯಾಟಿನ ಮೇಲೆ. ಜಾತ್ರೆ ಬಂದರೆ ಅವರಲ್ಲೇ ಕೆಲವರು ಮಣ್ಣಿಗಿಳಿಯುತ್ತಾರೆ. ಮ್ಯಾಟ್ ಕುಸ್ತಿಯಲ್ಲಿ ಪಾಯಿಂಟು, ಗಡಿಯಾರ. ಮಣ್ಣಿನಲ್ಲಿ ಬೆನ್ನು ನೆಲಕ್ಕೆ ತಾಗಬೇಕು, ಅಷ್ಟೇ.

ಬೆಳಗಾವಿಯ ತಾಲೀಮಿನಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತವನನ್ನು ವಯಸ್ಸಾದ ವಸ್ತಾದರು ಮೇಲಿಂದ ಕೆಳಗೆ ನೋಡಿದರು. "ಮೈಸೂರಿನವ್ರೇನ್ರಿ? ಮೊದಲ ಮಣ್ಣಿಗೆ ಕೈ ಮುಗೀರಿ. ಆಮ್ಯಾಲ ಚಹಾ." ಕೆಂಪು ಮಣ್ಣನ್ನು ಆಗಷ್ಟೇ ಸಲಿಕೆಯಿಂದ ಮಗುಚಿದ್ದರು. ಎಣ್ಣೆ, ಮಜ್ಜಿಗೆ, ಅರಿಸಿನ ಕುಡಿದ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತದೆ, ಬಿಟ್ಟರೆ ಪುಡಿಯಾಗುತ್ತದೆ. ನನ್ನ ಪ್ರಶ್ನೆಗೆ ಅವರು ನಕ್ಕರು. "ಎಮ್ಮಿ ಇದ್ದವ್ರ ಮನ್ಯಾಗ ಪೈಲ್ವಾನ ಹುಟ್ಟತಾನ್ರಿ. ಇಲ್ಲದವ್ರ ಮನ್ಯಾಗ ಹುಟ್ಟಿದ್ರ ಊರು ಸಾಕಬೇಕು."

ಊರೇ ಸಾಕಿದ ಪೈಲ್ವಾನರನ್ನು ಕಾಣಬೇಕಾದರೆ ಕೊಲ್ಲಾಪುರಕ್ಕೇ ಹೋಗಬೇಕು. 1894ರಲ್ಲಿ ಅಧಿಕಾರ ವಹಿಸಿಕೊಂಡ ಶಾಹೂ ಮಹಾರಾಜರು ತಾವೇ ಕುಸ್ತಿ ಮಾಡಿದವರು. ಯುರೋಪ್ ಪ್ರವಾಸದಲ್ಲಿ ರೋಮಿನ ಕೊಲೋಸಿಯಂ ನೋಡಿ ಬಂದು ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ಮುಗಿಯಿತು. ಸುತ್ತಲೂ ಏರುತ್ತಾ ಹೋಗುವ ಆಸನ, ತಗ್ಗಿನ ನಡುವೆ ಕಣ. ಕೊನೆಯ ಸಾಲಿನಲ್ಲಿ ಕೂತವನಿಗೂ ಪಟ್ಟು ಕಾಣಬೇಕೆಂಬುದು ಉದ್ದೇಶ. ಮೋತಿಬಾಗ್, ಗಂಗಾವೇಶ್, ಶಾಹುಪುರಿ ತಾಲೀಮುಗಳಿಗೆ ಹಳ್ಳಿಗಳಿಂದ ಹುಡುಗರು ಈಗಲೂ ಟ್ರಂಕು ಹೊತ್ತು ಬರುತ್ತಾರೆ, ಕರ್ನಾಟಕದಿಂದಲೂ. ಸಾಮು ಮುಗಿಸಿ ತಾವೇ ಒಲೆ ಹಚ್ಚುತ್ತಾರೆ, ಬಾದಾಮಿ ಅರೆದು ಥಂಡಾಯಿ ಮಾಡಿಕೊಳ್ಳುತ್ತಾರೆ.

ಈ ಮಣ್ಣಿನಲ್ಲೇ ಪಳಗಿದವರು ಖಾಶಾಬಾ ಜಾಧವ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಅಭ್ಯಾಸವಿಲ್ಲದ ಮ್ಯಾಟಿನ ಮೇಲೂ ಆರನೆಯ ಸ್ಥಾನ; 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು. ಸ್ವತಂತ್ರ ಭಾರತಕ್ಕೆ ಅದೇ ಮೊದಲ ವೈಯಕ್ತಿಕ ಪದಕ. ಲಂಡನ್ನಿಗೆ ಕಳಿಸಿದವರು ಕೊಲ್ಲಾಪುರದ ಮಹಾರಾಜರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಸಂಸ್ಥಾನವೇ ಇರಲಿಲ್ಲ. ಹೆಲ್ಸಿಂಕಿಯ ಖರ್ಚಿಗೆ ಚಂದಾ ಎತ್ತಬೇಕಾಯಿತು; ರಾಜಾರಾಂ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ನನ್ನ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಎಲ್ಲೂ ಸಿಗಲಿಲ್ಲ: ರಾಜ ಹೋದ, ಹೊಸ ಸರ್ಕಾರ ಇನ್ನೂ ಕಣ್ಣುಬಿಟ್ಟಿರಲಿಲ್ಲ, ನಡುವೆ ಒಬ್ಬ ಮೇಷ್ಟರ ಮನೆ ಅಡವಾಯಿತು.

ಹೊರಡುವ ದಿನ ತಾಲೀಮಿನ ಹುಡುಗರು ಯೆಜ್ಡಿಯ ಸುತ್ತ ನಿಂತು ಸೈಲೆನ್ಸರಿನ ಸದ್ದು ಕೇಳಿ ಕುಣಿದರು. ಅಥಣಿ ಕಡೆಯ ಒಬ್ಬ ಮಾತ್ರ ಹತ್ತಿರ ಬಂದು, ಮೈಸೂರು ದಸರೆಯ ಕುಸ್ತಿಗೆ ಜೋಡಿ ಕಟ್ಟುವುದು ಯಾವಾಗ, ಗೆದ್ದರೆ ಎಷ್ಟು ಕೊಡುತ್ತಾರೆ, ಸೋತವನಿಗೆ ಬಸ್ ಚಾರ್ಜಾದರೂ ಸಿಗುತ್ತದೆಯೇ ಎಂದು ವಿಚಾರಿಸಿದ.