ಹೊಯ್ಸಳ ನಾಡಿನ ಶಿಲ್ಪವೂ ಶರಣಕಾವ್ಯವೂ

ಅರಸರ ಕೀರ್ತಿಯು ಶಿಲೆಯಲ್ಲಿಯೂ ಕಾವ್ಯದಲ್ಲಿಯೂ ಬಹುಕಾಲ ನಿಲ್ಲುವುದು. ದುಡಿದವರ ಹೆಸರು ನಿಲ್ಲುವುದು ವಿರಳ. ಕೆರೆಯನ್ನು ಕಟ್ಟಿಸಿದ ಅರಸಿಯಿಂದ ಅರಸೀಕೆರೆಗೆ ಆ ಹೆಸರು ಬಂದಿತೆಂದು ಪ್ರತೀತಿಯುಂಟು. ಅಲ್ಲಿ ಮಣ್ಣು ಹೊತ್ತವರ ಹೆಸರನ್ನು ಬಲ್ಲವರಿಲ್ಲ.

ಬೇಲೂರಿನಲ್ಲಿ ಇದಕ್ಕೆ ಅಪವಾದವೊಂದುಂಟು. ವಿಷ್ಣುವರ್ಧನನು ಕ್ರಿ. ಶ. 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ವಿಗ್ರಹಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರುಗಳನ್ನು ಕೊರೆದಿರುವರು. ಅರಸನ ಶಾಸನವಿರುವ ಗುಡಿಯಲ್ಲಿಯೇ ಉಳಿ ಹಿಡಿದ ಕೈಗೂ ಸ್ಥಾನ ದೊರೆಯಿತು. ಆದರೆ ಗಣಿಯಲ್ಲಿ ಕಲ್ಲೊಡೆದವರಿಗೆ ಆ ಭಾಗ್ಯವೂ ಒದಗಲಿಲ್ಲ.

ಶಿಲೆಯು ಇಲ್ಲಿಗೆ ನಿಂತಿತು, ಕಾವ್ಯವು ಮುಂದುವರಿಯಿತು. ಇಂದಿನ ಹಳೇಬೀಡು ಅಂದು ದೋರಸಮುದ್ರವೆಂಬ ರಾಜಧಾನಿ. ಅಲ್ಲಿ ನರಸಿಂಹಬಲ್ಲಾಳನ ಬಳಿ ಕರಣಿಕನಾಗಿದ್ದ ಹರಿಹರನು ಆ ಸೇವೆಯನ್ನು ತ್ಯಜಿಸಿ, ಹಂಪೆಗೆ ತೆರಳಿ, ವಿರೂಪಾಕ್ಷನ ಸನ್ನಿಧಿಯಲ್ಲಿ ನೆಲೆಸಿದನೆಂದು ವೀರಶೈವ ಪುರಾಣಗಳು ಹೇಳುವುವು. ನರಸ್ತುತಿಯನ್ನು ಒಲ್ಲದ ಆ ಕವಿಯು ರಗಳೆಗಳಲ್ಲಿ ಶಿವಶರಣರ ಚರಿತೆಯನ್ನು ಹಾಡಿದನು. ಬಸವರಾಜದೇವರೊಡನೆ ಕುಂಬಾರ ಗುಂಡಯ್ಯನೂ ಅಲ್ಲಿ ನಾಯಕನು. ಗುಂಡಯ್ಯನು ಮಡಕೆಯನ್ನು ಬಡಿಯುವ ತಾಳಕ್ಕೆ ಶಿವನೇ ಕುಣಿದನೆಂಬುದು ಆ ಕಥೆಯ ಸಾರ. ಆಸ್ಥಾನದ ನೃತ್ಯವು ಕಾಯಕದ ಅಂಗಳಕ್ಕೆ ಇಳಿದುಬಂದಂತಾಯಿತು.

ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ‘ಹರಿಶ್ಚಂದ್ರಕಾವ್ಯ’ವನ್ನು ರಚಿಸಿದನು. ಗುರುವು ಅದನ್ನು ನರಸ್ತುತಿಯೆಂದು ಬಗೆದು ಕೋಪಗೊಂಡನೆಂದು ಪ್ರತೀತಿ. ಆದರೆ ಆ ಕಾವ್ಯವು ಅರಸನನ್ನು ಬರಿದೇ ಹೊಗಳಲಿಲ್ಲ. ಅದರಲ್ಲಿ ಅಂತ್ಯಜರೆನಿಸಿದ ಇಬ್ಬರು ಗಾಯಕಿಯರು ಅರಸನ ಮುಂದೆ ಹಾಡುವರು. ಅವರ ಗಾನಕ್ಕೆ ಮೆಚ್ಚಿದವನು ತನ್ನ ಬೆಳ್ಗೊಡೆಯನ್ನು ಕೊಡಲೊಲ್ಲನು. ಅವರನ್ನು ವರಿಸಲೂ ಒಲ್ಲನು. ಆಗ ಅವರು, ಹಾಡು ಕೇಳಿದ ಕಿವಿಗೂ ರೂಪು ಕಂಡ ಕಣ್ಣಿಗೂ ತಟ್ಟದ ಮೈಲಿಗೆಯು ಮುಟ್ಟಿದ ಮೈಗೆ ಮಾತ್ರ ಹೇಗೆ ತಟ್ಟುವುದೆಂದು ಪ್ರಶ್ನಿಸುವರು. ಅರಸನಿಂದ ಸಮಾಧಾನವು ಬಾರದು, ಏಟು ಬರುವುದು. ಮುಂದೆ ಅದೇ ಅರಸನು ರಾಜ್ಯವನ್ನು ಕಳೆದುಕೊಂಡು, ಸುಡುಗಾಡಿನ ಒಡೆಯನಾದ ವೀರಬಾಹುಕನಿಗೆ ಆಳಾಗುವನು. ಯಾರನ್ನು ಮುಟ್ಟಲೊಲ್ಲೆನೆಂದನೋ ಅವರ ಕುಲದವನ ಅನ್ನವನ್ನೇ ಉಂಡು ತನ್ನ ಸತ್ಯವನ್ನು ಉಳಿಸಿಕೊಳ್ಳುವನು.

ಸಿಂಹಾಸನಕ್ಕೆ ಆ ಪ್ರಶ್ನೆಯನ್ನು ಹಾಕಿಸಿದವನು ಶರಣಪರಂಪರೆಯ ಕವಿಯೆಂಬುದು ಮಠದ ಭಕ್ತರಿಗೆ ಅಭಿಮಾನದ ವಿಷಯ. ಆದರೆ ಅಭಿಮಾನದಿಂದ ಪ್ರಶ್ನೆಯು ತೀರದು. ಬೇಲೂರಿನ ಶಿಲ್ಪವನ್ನು ಕಂಡು ತಲೆದೂಗುವವರು, ರಗಳೆಯನ್ನು ಕೇಳಿ ಕಣ್ಣೀರಿಡುವವರು, ಮಡಕೆ ಮಾಡುವವನನ್ನೂ ಮಣ್ಣು ಹೊರುವವನನ್ನೂ ಪಂಕ್ತಿಯಲ್ಲಿ ಪಕ್ಕಕ್ಕೆ ಕೂಡಿಸಿಕೊಂಡಾಗಲೇ ಅದಕ್ಕೆ ಉತ್ತರ ದೊರೆಯುವುದು.